ಒಣಗದ ಜೋಳ

ನಮ್ಮ ಕೆರೆಕೋಡಿ ಕ್ರಾಸಿನಲ್ಲಿ ಯಾರೇ ಬಿದ್ದರೂ ಮೊದಲು ಓಡಿಹೋಗುವವನು ನಾನು. ಜಂಬಕ್ಕೆ ಹೇಳುತ್ತಿಲ್ಲ, ನನ್ನ ಹೋಟೆಲು ಇರುವುದೇ ಅಲ್ಲಿ. ಶಿಕಾರಿಪುರದಿಂದ ಸೊರಬಕ್ಕೆ ಹೋಗುವ ಹೆದ್ದಾರಿಗೆ ಕೆರೆ ಕಡೆಯಿಂದ ಇನ್ನೊಂದು ರಸ್ತೆ ಓರೆಯಾಗಿ ಬಂದು ಕೂಡುತ್ತದೆ. ಆ ಎರಡು ರಸ್ತೆಗಳ ನಡುವಿನ ಚೂಪು ಮೂಲೆಯಲ್ಲಿ ಇಪ್ಪತ್ತು ವರ್ಷದಿಂದ ‘ನಾಗವೇಣಿ ಟೀ ಸ್ಟಾಲ್’ ನಡೆಯುತ್ತಿದೆ. ನಾಗವೇಣಿ ನನ್ನ ಹೆಂಡತಿ. ಹೆಸರೂ ಅವಳದು, ದುಡಿಮೆಯೂ ಅವಳದು, ಶಿವರಾಮನದು ಬಾಯಿ ಮಾತ್ರ ಎಂದು ಗಿರಾಕಿಗಳು ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ. ಬಾಯಿಲ್ಲದವನು ಹೆದ್ದಾರಿ ಪಕ್ಕ ಹೋಟೆಲು ಇಟ್ಟು ಬದುಕಿದ್ದನ್ನು ನಾನಂತೂ ಕಂಡಿಲ್ಲ.

ಎರಡು ತಾಲ್ಲೂಕಿನ ಗಡಿ ಹಾದುಹೋಗುವುದೂ ಇಲ್ಲೇ. ನನ್ನ ಒಲೆ ಸೊರಬ ತಾಲ್ಲೂಕಿನಲ್ಲಿದೆ, ಗಿರಾಕಿಗಳು ಕೈ ತೊಳೆಯುವ ಡ್ರಮ್ಮು ಶಿಕಾರಿಪುರ ತಾಲ್ಲೂಕಿನಲ್ಲಿದೆ. ಹಾಗಾಗಿ ಅಪಘಾತವಾದರೆ, ಬಿದ್ದವನು ನರಳುತ್ತಿರುವಾಗಲೇ ಸುತ್ತ ನಿಂತವರು ಯಾವ ಠಾಣೆಗೆ ಫೋನು ಮಾಡಬೇಕೆಂಬ ಚರ್ಚೆಗೆ ಇಳಿಯುತ್ತಾರೆ. ನಾನು ಅವರಿಗೆಲ್ಲ ಬೈದು, ಬಿದ್ದವನಿಗೆ ನೀರು ಕುಡಿಸಿ, ಸಿಕ್ಕಿದ ಗಾಡಿಗೆ ಹತ್ತಿಸಿ ಕಳಿಸುತ್ತೇನೆ.

ಕಳೆದ ವರ್ಷ ದೀಪಾವಳಿ ಮುಗಿದ ವಾರ ಒಂದು ಬಿಳಿ ಜೀಪು ಬಂದು ನಿಂತಿತು. ಇಳಿದವರು ಧನ್ಯಾ ಮೇಡಂ, ರಸ್ತೆ ಇಲಾಖೆಯ ಎಂಜಿನಿಯರು. ಶಿಕಾರಿಪುರದವರೇ, ಕೆಲಸಕ್ಕೆ ಸೇರಿ ಎರಡು ವರ್ಷವಾಗಿತ್ತಂತೆ. ಟೇಪು ಹಿಡಿಸಿ ರಸ್ತೆ ಅಳೆದರು, ಸೊರಬದ ಕಡೆ ನೋಡಿದರು, ಕೆರೆಯ ಕಡೆ ನೋಡಿದರು, ಕೊನೆಗೆ ನನ್ನ ಹೋಟೆಲಿನ ಕಡೆ ನೋಡಿದರು. ಆ ನೋಟ ನನಗೆ ಹಿಡಿಸಲಿಲ್ಲ.

“ಈ ಕ್ರಾಸ್ ಸುಧಾರಣೆ ಮಾಡ್ತೀವಿ,” ಅಂದರು. “ಅಪಘಾತ ಜಾಸ್ತಿ ಅಂತ ದೂರು ಬಂದೈತೆ. ಅಳತೆ ನೋಡಿ ಪ್ಲಾನ್ ಮಾಡ್ಬೇಕು. ಮೂಲೆ ತೆರವು ಮಾಡ್ಬೇಕಾದ್ರೂ ಆಗಬಹುದು.”

ಹೋಟೆಲಿನ ಗೋಡೆ ನನ್ನ ಜಾಗದಲ್ಲೇ ಇದೆ, ಅದಕ್ಕೆ ಯಾರೂ ಕೈ ಹಚ್ಚುವಂತಿಲ್ಲ. ಆದರೆ ಮುಂದಿನ ತಗಡಿನ ಚಪ್ಪರ ಇರುವುದು ರಸ್ತೆಯ ಜಾಗದಲ್ಲಿ. ಮಳೆಗಾಲದಲ್ಲಿ ಸೊರಬದ ದಿಕ್ಕಿನಿಂದ ಬೀಸುವ ಇರಚಲು ತಡೆಯಲು ಆ ಮಗ್ಗುಲಿಗೂ ಆಳೆತ್ತರದ ತಗಡು ಹೊಡೆಸಿದ್ದೇನೆ. ಅದರ ತುದಿಗೆ ತಂಪು ಪಾನೀಯದ ಕಂಪನಿಯವರು ಹಾಕಿಸಿಕೊಟ್ಟ ದೊಡ್ಡ ಬೋರ್ಡು ಇದೆ, ಒಬ್ಬಳು ಹುಡುಗಿ ಬಾಟಲಿ ಹಿಡಿದು ನಗುತ್ತಿರುವುದು. ನಾಲ್ಕು ಬೆಂಚು, ಎರಡು ಟೇಬಲ್ಲು, ಬಿಸಿಲು ಮಳೆ ತಾಗದ ನೆರಳು, ಎಲ್ಲ ಆ ಚಪ್ಪರದ್ದೇ. ಅದು ಹೋದರೆ ಒಳಗೆ ಉಳಿಯುವುದು ಒಲೆ ಮತ್ತು ನಾವಿಬ್ಬರು. ಗಿರಾಕಿ ಎಲ್ಲಿ ಕೂರಬೇಕು?

ಒಂದು ನಿಮಿಷವೂ ತಡಮಾಡದೆ ನಾನು ಬೆರಳು ತೋರಿಸಿದೆ.

“ಮೂಲೆದೆಂತ ಸಮಸ್ಯೆ ಇಲ್ಲ ಮೇಡಂ. ಸಮಸ್ಯೆ ಇರದು ಅಲ್ಲಿ ನೋಡಿ. ಆ ಜೋಳ!”

ಎರಡು ರಸ್ತೆ ಕೂಡುವ ಬಾಯಿ ನಮ್ಮಲ್ಲಿ ಶಾಲೆಯ ಮೈದಾನದಷ್ಟು ಅಗಲ. ಅದರ ನಟ್ಟನಡುವೆ ಮೂರು ಮೂಲೆಯ ಹಾಸಾಗಿ ಮೆಕ್ಕೆಜೋಳ ಹರಡಿತ್ತು, ಸುತ್ತ ಕಲ್ಲುಗಳ ಸಾಲು. ಕಲ್ಲಿಗೆ ಸುಣ್ಣ ಬೇರೆ ಬಳಿದಿತ್ತು. ಕೆರೆಯಾಚೆಯ ಊರಿನ ಹಾಲಮ್ಮನ ಜೋಳ ಅದು. ಊರಿಗೆಲ್ಲ ಅವಳು ಹಾಲಕ್ಕ, ನನಗೂ ಅಷ್ಟೇ.

ರಸ್ತೆಯ ಮೇಲೆ ಕಾಳು ಒಣಗಿಸುವುದು ನಮ್ಮ ಕಡೆ ಹೊಸದೇನಲ್ಲ. ಡಾಂಬರು ಬೇಗ ಕಾಯುತ್ತದೆ, ನಾಲ್ಕು ದಿನದಲ್ಲಿ ಜೋಳ ಗಲಗಲ ಅನ್ನುತ್ತದೆ, ಎಲ್ಲರೂ ತುಂಬಿಕೊಂಡು ಹೋಗುತ್ತಾರೆ. ಹಾಲಕ್ಕನ ಜೋಳ ಮಾತ್ರ ಒಣಗುವುದೇ ಇಲ್ಲ. ಕಾರ್ತಿಕದಲ್ಲಿ ಹರಡಿದರೆ ಸಂಕ್ರಾಂತಿಯ ತನಕ ಅಲ್ಲೇ. ಆಮೇಲೆ ಭತ್ತ ತಂದು ಹರಡುತ್ತಾಳೆ, ಭತ್ತ ಮುಗಿದರೆ ಹುರುಳಿ, ಅದೂ ಮುಗಿದರೆ ಹುಣಸೆಹಣ್ಣು. ಯುಗಾದಿ ದಾಟಿ ಮೊದಲ ಮಳೆ ಹನಿ ಬೀಳುವವರೆಗೆ ಆ ಜಾಗ ಬಿಡುವುದಿಲ್ಲ. ನಾವು ನಗುತ್ತಿದ್ದೆವು. ಅವಳ ಮೈದುನ ಶಾಂತವೀರಪ್ಪ ಟ್ರ್ಯಾಕ್ಟರಿನಲ್ಲಿ ಚೀಲ ತಂದಿಳಿಸುವಾಗೆಲ್ಲ ಅತ್ತಿಗೆಯ ಮೇಲೆ ಗೊಣಗುತ್ತಿದ್ದ, ಆದರೂ ತರುವುದು ಬಿಟ್ಟಿರಲಿಲ್ಲ.

ನನಗೆ ನಗುವಿಗಿಂತ ಸಿಟ್ಟೇ ಹೆಚ್ಚು. ಗಾಳಿ ಬೀಸಿದರೆ ಜೋಳದ ಹೊಟ್ಟು ಬಂದು ಟೀ ಲೋಟಕ್ಕೆ ಬೀಳುತ್ತದೆ. ಲಾರಿ ನಿಲ್ಲಿಸಲು ಜಾಗವಿಲ್ಲದೆ ಗಿರಾಕಿ ಮುಂದಿನ ಹೋಟೆಲಿಗೆ ಹೋಗುತ್ತಾನೆ. ನಾನೇ ದಿನಾ ಬೆಳಿಗ್ಗೆ ಆ ಊರಿನ ಡೈರಿಯಿಂದ ಹಾಲು ತರುವಾಗ ಮೊಪೆಡ್ಡಿನಲ್ಲಿ ಅದನ್ನು ಸುತ್ತಿ ಬರಬೇಕು. ಬಾಯಿಗೆ ಬಂದದ್ದು ಬೈದುಕೊಂಡೇ ಸುತ್ತುತ್ತಿದ್ದೆ. ಬೈದರೂ ಕಾಳಿನ ಮೇಲೆ ಚಕ್ರ ಹತ್ತಿಸಿದವನಲ್ಲ. ಒಮ್ಮೆ ತಪ್ಪಿ ಕಾಲಿಟ್ಟಾಗ ಬಗ್ಗಿ ಮುಟ್ಟಿ ಕಣ್ಣಿಗೆ ಒತ್ತಿಕೊಂಡದ್ದೂ ಉಂಟು. ಅದು ಬೇರೆ ಮಾತು.

ಹಾಲಕ್ಕನ ಗಂಡ ಉಜ್ಜಪ್ಪಣ್ಣ ಹನ್ನೊಂದು ವರ್ಷದ ಹಿಂದೆ ಇದೇ ಕ್ರಾಸಿನಲ್ಲಿ ಹೋದ. ಒಳ್ಳೆಯ ಮನುಷ್ಯ. ಕೆರೆ ರಸ್ತೆಯಿಂದ ಮೊಪೆಡ್ಡಿನಲ್ಲಿ ಬಂದು ಹೆದ್ದಾರಿಗೆ ಹತ್ತುವಾಗ ಸೊರಬದ ಕಡೆಯಿಂದ ಬಂದ ಲಾರಿ ಹೊಡೆಯಿತು. ಅವನ ತಲೆ ನನ್ನ ತೊಡೆಯ ಮೇಲಿತ್ತು, ನಾನೇ ನೀರು ಬಿಟ್ಟೆ, ಗಂಟಲಿಗೆ ಇಳಿಯಲಿಲ್ಲ. ಜೋಳದ ಹುಚ್ಚು ಹಾಲಕ್ಕನಿಗೆ ಹಿಡಿದದ್ದು ಅದರ ಮುಂದಿನ ಕಾರ್ತಿಕದಿಂದ. ದುಃಖಕ್ಕೆ ತಲೆ ಸ್ವಲ್ಪ ಆಚೀಚೆಯಾಗಿದೆ ಎಂದು ನಾವೆಲ್ಲ ಸುಮ್ಮನಿದ್ದೆವು. ಆದರೆ ಚಪ್ಪರಕ್ಕೇ ಕುತ್ತು ಬಂದಾಗ ನನಗೆ ಸುಮ್ಮನಿರಲಾಗಲಿಲ್ಲ.

ಅವತ್ತು ಸಂಜೆಯೇ ಅರ್ಜಿ ಬರೆದೆ. ‘ಸಾರ್ವಜನಿಕ ರಸ್ತೆಯಲ್ಲಿ ತಿಂಗಳುಗಟ್ಟಲೆ ಧಾನ್ಯ ಹರಡಿ, ಕಲ್ಲು ಜೋಡಿಸಿ, ವಾಹನ ಸವಾರರ ಜೀವಕ್ಕೆ ಅಪಾಯ ತಂದೊಡ್ಡುತ್ತಿರುವ’ ಎಂದು ಶುರುಮಾಡಿ ಒಂದು ಪುಟ. ಜೋಳ ಒಣಗಲು ಎಷ್ಟು ದಿನ ಬೇಕು, ಈಯಮ್ಮ ಎಷ್ಟು ದಿನ ಹರಡುತ್ತಾಳೆ ಎಂಬ ಲೆಕ್ಕವನ್ನೂ ಸೇರಿಸಿದೆ. ನಾಗವೇಣಿಯ ಅಣ್ಣ ಸುಬ್ಬಪ್ಪನಿಂದ ಹಿಡಿದು ಟೀ ಕುಡಿಯಲು ಬಂದವರಿಂದೆಲ್ಲ ಸಹಿ ಹಾಕಿಸಿದೆ. ನಾಗವೇಣಿ ಮಾತ್ರ ಹಾಕಲಿಲ್ಲ.

“ಹಾಲಕ್ಕನ ಮೇಲೆ ಅರ್ಜಿ ಬರಿಯಾದಾ? ನಿಂಗೆ ಮಾಡಕ್ಕೆ ಬೇರೆ ಕೆಲ್ಸ ಇಲ್ಲೇನಾ?” ಅಂದಳು.

“ಚಪ್ಪರ ಹೋದ್ಮೇಲೆ ಮಾಡಕ್ಕೆ ಕೆಲ್ಸನೇ ಇರದಿಲ್ಲ, ಆವಾಗ ಕೂತು ಯೋಚ್ನೆ ಮಾಡನ,” ಅಂದೆ.

ಅರ್ಜಿಗೆ ಬೆಲೆ ಬಂತು. ಹತ್ತೇ ದಿನದಲ್ಲಿ ಧನ್ಯಾ ಮೇಡಂ ಸಹಿ ಮಾಡಿದ ನೋಟಿಸು ಹಾಲಕ್ಕನ ಕೈ ಸೇರಿತು. ಅವಳು ಜಗಳಕ್ಕೆ ಬರುತ್ತಾಳೆಂದು ನಾನು ಮಾತುಗಳನ್ನೆಲ್ಲ ಜೋಡಿಸಿಟ್ಟುಕೊಂಡಿದ್ದೆ. ಬರಲಿಲ್ಲ. ಒಂದೇ ದಿನದಲ್ಲಿ ಜೋಳ ಗುಡಿಸಿ ಚೀಲಕ್ಕೆ ತುಂಬಿದಳು, ಕಲ್ಲುಗಳನ್ನು ಒಂದೊಂದಾಗಿ ಟ್ರ್ಯಾಕ್ಟರಿಗೆ ಹಾಕಿಸಿದಳು. ಹೊರಡುವ ಮುಂಚೆ ಹೋಟೆಲಿನ ಹತ್ತಿರ ಬಂದಳು, ಚಪ್ಪರದ ಹೊರಗೇ ನಿಂತಳು. ಒಳಗೆ ಬಂದು ಕೂತದ್ದನ್ನು ನಾನು ಎಂದೂ ನೋಡಿರಲಿಲ್ಲ. ಬಿಸಿಲಲ್ಲಿ ದಿನವಿಡೀ ಜೋಳ ಕೆದಕಿದರೂ ಮನೆಯಿಂದ ತಂದ ನೀರು ಕುಡಿಯುತ್ತಿದ್ದಳೇ ಹೊರತು ನನ್ನಲ್ಲಿ ಒಂದು ಲೋಟ ಟೀ ಕುಡಿದವಳಲ್ಲ.

“ಶಿವರಾಮ, ಜೋಳ ತಗದೀನಿ,” ಅಂದಳು. “ಇನ್ನ ಗಾಡಿಯೆಲ್ಲ ನಿನ್ನ ಮೂಲೀ ಹಿಡಕಂಡು ಬರ್ತಾವು. ನೋಡ್ಕ್ಯಾ ತಮ್ಮಾ.”

“ಬರ್ಲಿ ಬಿಡಕ್ಕ, ಬಂದ್ರೆ ನಂಗೇ ವ್ಯಾಪಾರ,” ಎಂದು ನಕ್ಕೆ.

ಮೂರು ದಿನ ಹಬ್ಬದಂತಿತ್ತು. ಲೋಟದಲ್ಲಿ ಹೊಟ್ಟಿಲ್ಲ. ಖಾಲಿಯಾದ ಜಾಗದಲ್ಲಿ ಲಾರಿ ನಿಂತಿತು, ಶುಂಠಿ ತುಂಬಿದ ಗೂಡ್ಸ್ ಗಾಡಿಗಳು ನಿಂತವು. ಕೆರೆ ರಸ್ತೆಯಿಂದ ಬರುವವರು ಯಾರ ಹಂಗೂ ಇಲ್ಲದೆ ನನ್ನ ಬೋರ್ಡು ಸವರಿಕೊಂಡು ಸೀದಾ ಹೆದ್ದಾರಿಗೆ ಏರುತ್ತಿದ್ದರು. ಅರ್ಜಿ ಬರೆದ ಕೈಯನ್ನು ನಾನೇ ಮೆಚ್ಚಿಕೊಂಡೆ.

ನಾಲ್ಕನೆಯ ದಿನ ಬೆಳಿಗ್ಗೆ ಎಂದಿನಂತೆ ಎರಡು ಕ್ಯಾನು ಹಾಲು ತೂಗುಹಾಕಿಕೊಂಡು ಬರುತ್ತಿದ್ದೆ. ಸುತ್ತುವ ಕಾಟವಿರಲಿಲ್ಲ. ಮೂಲೆ ಹಿಡಿದು ಬಂದೆ. ಎಡಕ್ಕೆ, ಸೊರಬದ ಕಡೆಗೆ ಕತ್ತು ತಿರುಗಿಸಿದೆ. ಬಾಟಲಿ ಹಿಡಿದ ಹುಡುಗಿ ನಗುತ್ತಿದ್ದಳು. ಮುಂದಕ್ಕೆ ಬಿಟ್ಟೆ. ಹಾರ್ನು ಕೇಳಿತು, ಬ್ರೇಕು ಕಿರುಚಿತು, ಆಮೇಲೆ ನಾನು ರಸ್ತೆಯ ಮೇಲೆ ಅಂಗಾತ ಬಿದ್ದು ಆಕಾಶ ನೋಡುತ್ತಿದ್ದೆ. ಬೆನ್ನ ಕೆಳಗೆ ಹಾಲು ಬೆಚ್ಚಗೆ ಹರಿಯುತ್ತಿತ್ತು.

ಮೊದಲು ಓಡಿಬರುವವನು ನಾನು ತಾನೆ, ನಾನೇ ಬಿದ್ದಿದ್ದರಿಂದ ಬೇರೆಯವರು ಓಡಿಬರಲು ಸ್ವಲ್ಪ ತಡವಾಯಿತು. ನಾಗವೇಣಿ ಸೌಟು ಹಿಡಿದೇ ಬಂದಳು. ನನಗೆ ಹೊಡೆದ ಕಾರಿನವನು ಸಿದ್ಧಲಿಂಗೇಶ್ ಎಂಬ ದಾವಣಗೆರೆಯ ಕಾಲೇಜು ಮೇಷ್ಟ್ರು. ಗುಡವಿಯ ಪಕ್ಷಿಧಾಮದಲ್ಲಿ ಹಕ್ಕಿ ನೋಡಿ, ಸೊರಬದಲ್ಲಿ ಉಳಿದು ಊರಿಗೆ ಹೊರಟಿದ್ದನಂತೆ. ಪಾಪ, ತನ್ನ ಕಾರಿನಲ್ಲೇ ನನ್ನನ್ನು ಶಿಕಾರಿಪುರದ ಆಸ್ಪತ್ರೆಗೆ ಸೇರಿಸಿದ. ಎಡಗಾಲಿನ ಮೊಣಕಾಲ ಕೆಳಗೆ ಎರಡು ಮೂಳೆಯೂ ಮುರಿದಿದ್ದವು. ಪೊಲೀಸರು ಬಂದು ಹೇಗಾಯಿತೆಂದು ಕೇಳಿದಾಗ, “ಕಾರು ಜೋರಾಗಿ ಬಂತು ಸಾರ್,” ಅಂದೆ. ಬರೆದುಕೊಂಡು ಹೋದರು. ಮೇಷ್ಟ್ರ ಮೇಲೆ ಕೇಸಾಯಿತು.

ಕಾಲಿಗೆ ಪಟ್ಟಿ ಹಾಕಿಸಿಕೊಂಡು ಬಂದವನು ಚಪ್ಪರದ ಕೆಳಗೆ, ಒಂದು ಬೆಂಚಿನ ಮೇಲೆ ಕೂತು ಇನ್ನೊಂದರ ಮೇಲೆ ಕಾಲು ಚಾಚಿದೆ. ಕೂತವನಿಗೆ ಕೆಲಸವೇನು? ರಸ್ತೆ ನೋಡುವುದು. ಇಪ್ಪತ್ತು ವರ್ಷ ಆ ರಸ್ತೆಯ ಮಗ್ಗುಲಲ್ಲೇ ಇದ್ದೆ, ನೋಡಿರಲಿಲ್ಲ. ಕೆರೆ ಕಡೆಯಿಂದ ಬರುವ ಪ್ರತಿಯೊಬ್ಬನೂ ನನ್ನ ಮೂಲೆಗೆ ಬಂದು ಎಡಕ್ಕೆ ಕತ್ತು ತಿರುಗಿಸುತ್ತಿದ್ದ, ಕ್ಷಣ ತಡೆಯುತ್ತಿದ್ದ, ಆಮೇಲೆ ದೇವರ ಮೇಲೆ ಭಾರ ಹಾಕಿ ಮುಂದಕ್ಕೆ ಬಿಡುತ್ತಿದ್ದ. ಅವರೆಲ್ಲ ಏನು ನೋಡುತ್ತಿದ್ದಾರೆಂಬುದು ನನಗೆ ಗೊತ್ತಿತ್ತು. ಗೊತ್ತಿದ್ದದ್ದನ್ನು ಒಪ್ಪಿಕೊಳ್ಳಲು ಮನಸ್ಸಿರಲಿಲ್ಲ. ಮೇಷ್ಟ್ರು ವಾರಕ್ಕೊಮ್ಮೆ ಫೋನು ಮಾಡಿ ಕಾಲು ಹೇಗಿದೆಯೆಂದು ಕೇಳುತ್ತಿದ್ದ. ಎರಡು ಸಲ ಎತ್ತಿದೆ, ಆಮೇಲೆ ಎತ್ತುವುದು ಬಿಟ್ಟೆ.

ಸಂಕ್ರಾಂತಿಗೆ ಮುಂಚೆ ಧನ್ಯಾ ಮೇಡಂ ಮತ್ತೆ ಬಂದರು. ಟೀ ಬೇಡವೆಂದರು. ಬೆಂಚಿನ ಮೇಲೆ ಎರಡು ಹಾಳೆ ಅಕ್ಕಪಕ್ಕ ಇಟ್ಟರು.

“ಎರಡೂ ಸ್ಟೇಷನ್ನಿಂದ ತಂದೀನ್ರೀ. ನಾಲ್ಕು ವರ್ಷದ ಅಪಘಾತದ ಪಟ್ಟಿ. ಒಬ್ರ ಹತ್ರ ನಾಲ್ಕು, ಇನ್ನೊಬ್ರ ಹತ್ರ ಐದು. ನಾಲ್ಕೈದು ಅಂದ್ರೆ ಯಾರಿಗೂ ದೊಡ್ಡದು ಅನ್ಸಲ್ಲ. ಗಡಿ ನಡುವೆ ಇರೋದ್ರಿಂದ ಇದುವರೆಗೂ ಯಾರೂ ಕೂಡಿಸಿ ನೋಡೇ ಇಲ್ಲ.”

“ಹೌದನಾ,” ಅಂದೆ.

“ಈಗ ತಿಂಗಳು ನೋಡ್ರೀ.”

ನೋಡಿದೆ. ಜೂನು, ಜುಲೈ, ಜುಲೈ, ಆಗಸ್ಟು, ಸೆಪ್ಟೆಂಬರು. ಮತ್ತೆ ಜೂನು.

“ಎಲ್ಲಾ ಮಳೆಗಾಲದ್ದು. ಮಳೆಯಿಂದ ಜಾರಿದ್ದು ಅಂತ ನಾನೂ ಅನ್ಕೊಂಡೆ. ಆದ್ರೆ ಒಬ್ರೂ ಜಾರಿಲ್ಲ, ಎಲ್ಲಾ ಇದೇ ಮೂಲೆಯಿಂದ ಹೊರಗೆ ಬರೋವಾಗ ಹೊಡೆಸ್ಕೊಂಡೋರು. ಕಾರ್ತಿಕದಿಂದ ಯುಗಾದಿ ತನಕ ನಾಲ್ಕು ವರ್ಷದಾಗೆ ಒಂದೂ ಇಲ್ಲ.” ನನ್ನ ಕಾಲು ನೋಡಿ, “ನಿಮ್ಮದೊಂದು ಬಿಟ್ರೆ,” ಅಂದರು.

ಜೋಳ ಇದ್ದ ತಿಂಗಳುಗಳು ಅವು. ನಾಗವೇಣಿ ಒಲೆಯ ಮುಂದಿನಿಂದ ಎದ್ದು ಬಂದು ನಿಂತಳು.

“ಜೋಳ ತೆಗೆಸಿದ ನೋಟಿಸಿಗೆ ಸಹಿ ಹಾಕಿದೋಳು ನಾನು,” ಅಂದರು ಮೇಡಂ. “ಈ ಪಟ್ಟಿ ಮೊದ್ಲೇ ತರ್ಬೇಕಿತ್ತು ನಾನು. ಇವತ್ತಿಗೂ ನಿದ್ದೆ ಸರಿಯಾಗಿ ಬರ್ತಿಲ್ಲ. ಆಯಮ್ಮ ಆ ಕಲ್ಲು ಹಂಗೇ ಯಾಕೆ ಇಟ್ಟಿದ್ರು ಅಂತ ಕೇಳ್ಬೇಕು. ನೀವೂ ಬರ್ರಿ, ನಿಮಗೆ ಪರಿಚಯ.”

ಒಲ್ಲೆ ಅನ್ನುವ ಹಾಗಿರಲಿಲ್ಲ. ಜೀಪಿಗೆ ನನ್ನನ್ನು ಎತ್ತಿ ಹಾಕಿದರು, ಪಟ್ಟಿ ಕಟ್ಟಿದ ಕಾಲನ್ನು ಸೀಟಿನ ಮೇಲೆ ಇಟ್ಟರು.

ಹಾಲಕ್ಕನ ಮನೆಗೆ ಹೋಗದೆ ಎಷ್ಟೋ ವರ್ಷವಾಗಿತ್ತು. ಮನೆಯ ಹಿಂದೆ ಜೀಪು ನಿಂತ ಕೂಡಲೇ ಕಣ್ಣಿಗೆ ಬಿದ್ದದ್ದು ಕಣ. ಸಿಮೆಂಟು ಹಾಕಿದ, ನುಣ್ಣಗಿನ, ನಾಲ್ಕು ಮನೆಯ ಜೋಳ ಒಣಗಿಸಬಹುದಾದಷ್ಟು ದೊಡ್ಡ ಕಣ. ಗುಡಿಸಿ ಹಸನಾಗಿಟ್ಟಿತ್ತು. ಒಂದು ಕಾಳೂ ಇರಲಿಲ್ಲ. ಪಕ್ಕದ ಕೊಟ್ಟಿಗೆಯಲ್ಲಿ ಜೋಳದ ಚೀಲಗಳು ಮಾಡು ಮುಟ್ಟುವಂತೆ ಪೇರಿಸಿದ್ದವು.

“ಇಷ್ಟು ದೊಡ್ಡ ಕಣ ಐತಲ್ಲ ಅಜ್ಜಿ,” ಅಂದರು ಮೇಡಂ, “ಮತ್ಯಾಕೆ ರಸ್ತೆಗೆ ಒಯ್ತಿದ್ರಿ?”

ಹಾಲಕ್ಕ ಉತ್ತರ ಕೊಡುವ ಮೊದಲೇ ಶಾಂತವೀರಪ್ಪ ಕೊಟ್ಟಿಗೆಯ ಬಾಗಿಲಿಂದ ಹೇಳಿದ. “ಇಲ್ಲೇ ನಾಕು ದಿನಕ್ಕೆ ಒಣಗಿಸ್ತೀವ್ರೀ. ಒಣಗಿದ ಜೋಳನೇ ಮತ್ತೆ ಚೀಲಕ್ಕೆ ತುಂಬಿ ರಸ್ತೆಗೆ ಒಯ್ಯಾದು. ನಮ್ಮತ್ತಿಗಿ ಹಟ. ನಂಗೂ ಮೊದ್ಲು ತಿಳೀಲಿಲ್ಲ.”

ನನ್ನ ಅರ್ಜಿಯ ಲೆಕ್ಕ ನೆನಪಾಯಿತು. ಒಣಗದ ಜೋಳವಲ್ಲ, ಒಣಗಿ ಮುಗಿದ ಜೋಳ.

ಹಾಲಕ್ಕ ಮೇಡಂ ಕೈ ಹಿಡಿದು ಕಣದ ಕಟ್ಟೆಯ ಮೇಲೆ ಕೂರಿಸಿಕೊಂಡಳು, ನನ್ನನ್ನೂ ಜೀಪಿನಿಂದ ಇಳಿಸಿ ಅಲ್ಲೇ ಕೂರಿಸಿದರು.

“ನೋಡವ್ವಾ, ನಮ್ಮನೆಯೋರು ಹೋದಾಗ ಅಲ್ಲಿ ಒಂದು ಬೋರ್ಡ್ ಹಾಕಿದ್ರು, ನಿಧಾನ ಅಂತ. ಯಾರು ಓದ್ತಾರ? ಹಂಪ್ ಹಾಕಿದ್ರು, ಪಕ್ಕದ ಮಣ್ಣಾಗೆ ಇಳಿಸ್ಕಂಡು ಹೋದ್ರು. ಕಾಳು ಕಂಡ್ರೆ ಮಾತ್ರ ಎಂಥಾ ಲಾರಿಯೋನೂ ಬ್ರೇಕ್ ಮೇಲೆ ಕಾಲಿಡ್ತಾನ. ತುಳಿಯಂಗಿಲ್ಲ ಅಂತ ತಾಯಿ ಹೇಳಿಕೊಟ್ಟಿರ್ತಾಳಲ್ಲ. ಅದಕ್ಕ ಹಾಕಿದೆ. ಮೊದ್ಲು ಎಲ್ಲೆಲ್ಲೋ ಹಾಕಿ ನೋಡ್ದೆ. ಆ ಕಡೀಗೆ ಹಾಕಿದ್ರೆ ಸೊರಬದ ಗಾಡಿ ಕಾಣಂಗಿಲ್ಲ, ಈ ಕಡೀಗೆ ಹಾಕಿದ್ರೆ ಬಸ್ ತಿರುಗಂಗಿಲ್ಲ. ಮೂರನೇ ವರ್ಷಕ್ಕ ಜಾಗ ಕುದುರ್ತು. ಹಂಗೆ ಇಟ್ರೆ ಎಲ್ಲಾರೂ ಮೂಲೀ ಬಿಟ್ಟು ದೂರ ಬಂದು, ಸೀದಾ ನಿಂತು, ನೋಡಿ ಹೋಗ್ತಾರ. ಮಳಿಗಾಲದಾಗೆ ಏನ್ ಮಾಡ್ಲಿ, ಕಾಳು ಹಾಕಂಗಿಲ್ಲ. ಬರೇ ಕಲ್ಲಿಟ್ರೆ ಎತ್ತಿ ಒಗೀತಾರ.”

ನಾನು ಕೇಳಬಾರದಿತ್ತೇನೋ, ಕೇಳಿದೆ.

“ಮೂಲೆ ಬಿಟ್ಟು ದೂರ ಅಂದ್ರೆ... ನನ್ ತಗಡಿಂದಾಗಿನಾ ಅಕ್ಕ?”

“ಹೂಂ.”

“ಮತ್ತೆ ಇಷ್ಟ್ ವರ್ಷ ಒಂದ್ ಮಾತು ಹೇಳ್ಲಿಲ್ಲಲ್ಲ ನೀನು!”

ಹಾಲಕ್ಕ ನನ್ನ ಮುಖ ನೋಡಿದಳು. ಸಿಟ್ಟಿರಲಿಲ್ಲ. ಇದ್ದಿದ್ದರೆ ತಡೆದುಕೊಳ್ಳಬಹುದಿತ್ತು.

“ಹೇಳಿದ್ನಲ್ಲೋ ತಮ್ಮಾ. ಅವರ ಶಿವಗಣಾರಾಧನೆ ಆದ ಮೂರನೇ ದಿನ ಬಂದು ಹೇಳಿದ್ದೆ. ಈ ತಗಡು ತಗಿ ಶಿವರಾಮ, ಇದರ ಹಿಂದಿದ್ದ ಲಾರಿ ಅವರಿಗೆ ಕಂಡಿಲ್ಲ ಅಂದೆ. ನೀನು, ಕೂತ್ಕ ಅಕ್ಕ, ಮೊದ್ಲು ಟೀ ಕುಡಿ ಅಂದು ಲೋಟ ಕೈಯಾಗ ಕೊಟ್ಟಿ. ಅಷ್ಟೊತ್ತಿಗೆ ಬಸ್ ಬಂತು, ಗಿರಾಕಿ ಇಳಿದ್ರು, ಅತ್ತ ಹೋದಿ. ನಾನು ಒಂದೀಟು ಹೊತ್ತು ನೋಡ್ದೆ. ಲೋಟ ಬೆಂಚಿನ ಮ್ಯಾಲಿಟ್ಟು ಬಂದೆ.”

ನನಗೆ ನೆನಪಿರಲಿಲ್ಲ. ಎಷ್ಟು ತಡಕಿದರೂ ಆ ದಿನ ಸಿಗಲಿಲ್ಲ. ಉಜ್ಜಪ್ಪಣ್ಣನ ತಲೆ ತೊಡೆಯ ಮೇಲಿದ್ದದ್ದು ನೆನಪಿದೆ, ಅವನ ಹೆಂಡತಿ ಬಂದು ಹೇಳಿದ ಮಾತು ನೆನಪಿಲ್ಲ. ಬಿದ್ದವರನ್ನೆಲ್ಲ ಎತ್ತುವವನು ನಾನು ಎಂದು ಇಪ್ಪತ್ತು ವರ್ಷ ಎದೆಯುಬ್ಬಿಸಿಕೊಂಡು ತಿರುಗಿದ್ದೆ, ಅವರು ಬೀಳಲು ಕಾರಣ ನನ್ನ ಚಪ್ಪರಕ್ಕೆ ಒರಗಿ ನಿಂತಿತ್ತು. ಅಲ್ಲೇ ಕಣದ ಕಟ್ಟೆಯ ಮೇಲೆ ಎಲ್ಲರ ಮುಂದೆ ಅತ್ತೆ. ಹಾಲಕ್ಕ ಸಮಾಧಾನ ಮಾಡಲಿಲ್ಲ, ಎದ್ದೂ ಹೋಗಲಿಲ್ಲ. ನೀರು ತಂದುಕೊಟ್ಟಳು.

ಹಿಂದಿರುಗುವಾಗ ಜೀಪಿನಲ್ಲಿ, ಹೋಟೆಲು ಹತ್ತಿರವಾದಾಗ ನಾನೇ ಬಾಯಿ ಬಿಟ್ಟೆ.

“ಮೇಡಂ, ಕಾರು ಜೋರಾಗಿ ಬರ್ಲಿಲ್ಲ. ನಂಗೆ ಕಾರು ಕಾಣ್ಲೇ ಇಲ್ಲ. ಎಡಕ್ಕೆ ನೋಡ್ದೆ, ಕಂಡಿದ್ದು ನನ್ ಬೋರ್ಡು. ಬರ್ಕಳಿ. ಪೊಲೀಸರ ಹತ್ರನೂ ಹೇಳ್ತೀನಿ.”

“ಬರ್ಕೊಂಡ್ರೆ ಚಪ್ಪರ ಉಳಿಯಲ್ಲರೀ,” ಅಂದರು ಅವರು. ನಿಜ ಹೇಳಿದರು, ಅದಕ್ಕೇ ಅವರ ಮೇಲೆ ಗೌರವ ಬಂತು.

“ನೀವು ತೆಗೆಸದೆಂತದು. ನಾನೇ ತೆಗಿತೀನಿ,” ಅಂದೆ.

ಮಾರನೆಯ ದಿನವೇ ಸುಬ್ಬಪ್ಪ ಏಣಿ ಹತ್ತಿದ. ನಾನು ಕೆಳಗೆ ಊರುಗೋಲು ಹಿಡಿದು ನಿಂತು, ಆ ಮೊಳೆ ಮೊದಲು, ಈ ಮೊಳೆ ಆಮೇಲೆ ಎಂದು ಅವನ ತಲೆ ತಿಂದೆ. ಬಾಟಲಿ ಹುಡುಗಿಯನ್ನು ನಾಗವೇಣಿ ಹಿತ್ತಲಿಗೆ ಒಯ್ದು ಬಚ್ಚಲಿಗೆ ಮರೆ ಕಟ್ಟಿದಳು. “ಇನ್ನಾದ್ರೂ ಒಬ್ರ ಮಾನ ಉಳಿಸ್ಲಿ,” ಅಂದಳು. ಪೊಲೀಸರಿಗೆ ಹೊಸದಾಗಿ ಹೇಳಿಕೆ ಕೊಟ್ಟು ಬಂದು ಮೇಷ್ಟ್ರಿಗೆ ನಾನೇ ಫೋನು ಮಾಡಿದೆ. ಅವನು ಕೇಳಿದ್ದು ಮತ್ತೆ ಅದೇ, ಕಾಲು ಹೇಗಿದೆ ಎಂದು.

ಬೇಸಗೆಯಲ್ಲಿ ಕೆಲಸ ಶುರುವಾಯಿತು. ಪ್ಲಾನು ಹಾಕುವ ದಿನ ಮೇಡಂ ಜೀಪು ಕಳಿಸಿ ಹಾಲಕ್ಕನನ್ನು ಕರೆಸಿದರು, ಜೊತೆಗೆ ಅವಳ ಕಲ್ಲುಗಳನ್ನೂ. ಹಾಲಕ್ಕ ಸೆರಗು ಸಿಕ್ಕಿಸಿ, ಒಂದೊಂದೇ ಕಲ್ಲನ್ನು ಇಟ್ಟು, ಹಿಂದೆ ಸರಿದು ನೋಡಿ, ಎರಡನ್ನು ಗೇಣು ಈಚೆಗೆ ಎಳೆದಳು. ಅವಳ ಹಿಂದೆ ಇಲಾಖೆಯವರು ಟೇಪು ಹಿಡಿದು ಅಳೆಯುತ್ತ ಹೋದರು. ಮೇಡಂ ಮೇಲಿನ ಅಧಿಕಾರಿ ರಾಜಕುಮಾರ್ ಸಾಹೇಬರು ನಕ್ಷೆ ಕೈಗೆತ್ತಿಕೊಂಡು, ಈ ಓರೆ ಯಾವ ನಿಯಮದ ಪ್ರಕಾರ ಎಂದು ಕೇಳಿದರು. ಮೇಡಂ ಎರಡೂ ಠಾಣೆಯ ಪಟ್ಟಿ ಅವರ ಮುಂದೆ ಇಟ್ಟರು. ಸಾಹೇಬರು ಬಹಳ ಹೊತ್ತು ಓದಿ, ಹಾಗೇ ಇರಲಿ ಅಂದರು.

ಈಗ ಅಲ್ಲಿ ಮೂರು ಮೂಲೆಯ ಕಲ್ಲಿನ ಕಟ್ಟೆ ಇದೆ, ಅಂಚಿಗೆ ಬಿಳಿ ಬಣ್ಣ. ಮಳೆಗಾಲದಲ್ಲೂ ಯಾರಿಗೂ ಎತ್ತಿ ಒಗೆಯಲಾಗದು. ಕೆರೆ ರಸ್ತೆಯಿಂದ ಬರುವವನು ಅದನ್ನು ಸುತ್ತಲೇಬೇಕು, ಹೆದ್ದಾರಿಗೆ ನೇರ ಮುಖ ಮಾಡಿ ನಿಲ್ಲಲೇಬೇಕು. ನನ್ನ ಗಿರಾಕಿಗಳು ಗೋಡೆಯ ಹಿಂದಿನ ಮರದ ನೆರಳಿಗೆ ಹೋಗಿ ಕೂರುತ್ತಾರೆ, ಮಳೆ ಬಂದರೆ ಎದ್ದು ಓಡುತ್ತಾರೆ. ವ್ಯಾಪಾರ ಕಡಿಮೆಯಾಗಿದೆ, ಸುಳ್ಳೇಕೆ ಹೇಳಲಿ. ಆ ಬಗ್ಗೆ ದಿನಕ್ಕೆರಡು ಸಲ ಗೊಣಗುತ್ತೇನೆ. ಈ ಮಳೆಗಾಲದಲ್ಲಿ ಮಾತ್ರ ಒಬ್ಬನೂ ಬೀಳಲಿಲ್ಲ, ನಾನು ಒಮ್ಮೆಯೂ ಓಡಲಿಲ್ಲ.

ಮೊನ್ನೆ ಕಾರ್ತಿಕದ ಮೊದಲ ಸೋಮವಾರ ಹಾಲಕ್ಕ ಕೆರೆ ರಸ್ತೆಯಲ್ಲಿ ನಡೆದುಕೊಂಡು ಬಂದಳು. ಟ್ರ್ಯಾಕ್ಟರು ಇರಲಿಲ್ಲ, ಚೀಲ ಇರಲಿಲ್ಲ. ಜೋಳ ಮನೆಯ ಕಣದಲ್ಲೇ ಇತ್ತಂತೆ. ಬಂದವಳು ಕಟ್ಟೆಯ ಹತ್ತಿರ ಹೋಗಲಿಲ್ಲ. ನನ್ನ ಮೂಲೆಗೆ ಬಂದು, ಉಜ್ಜಪ್ಪಣ್ಣ ಆವತ್ತು ಹೆದ್ದಾರಿಗೆ ಏರಿದ ಜಾಗದಲ್ಲಿ ನಿಂತಳು. ಎಡಕ್ಕೆ ಕತ್ತು ತಿರುಗಿಸಿದಳು. ಸೊರಬದ ಕಡೆಯ ರಸ್ತೆ ದೂರದ ತಿರುವಿನವರೆಗೂ ತೆರೆದಿತ್ತು. ತಿರುವಿನಲ್ಲಿ ಒಂದು ಲಾರಿ ಕಾಣಿಸಿಕೊಂಡಿತು. ಅದು ಹತ್ತಿರ ಬಂದು, ಮುಂದೆ ಹಾದು, ಶಿಕಾರಿಪುರದ ಕಡೆ ಮರೆಯಾಗುವ ತನಕ ಅವಳು ಅಲ್ಲಿಂದ ಕದಲಲಿಲ್ಲ.

“ಕಾಣ್ತೈತಿ,” ಅಂದಳು, ನನಗಲ್ಲ.

ಆಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡು ಬಂದು, ಬಿಸಿಲಿನಲ್ಲಿದ್ದ ಬೆಂಚಿನ ಮೇಲೆ ಕೂತಳು.

“ಶಿವರಾಮ, ಅವತ್ತು ಕುಡೀದಂಗೆ ಇಟ್ಟು ಹೋದ ಟೀ ಐತಲ್ಲ,” ಅಂದಳು. “ಈಗ ಕೊಡು.”

ನಾಗವೇಣಿ ಒಲೆಯ ಮುಂದಿನಿಂದ ಏಳಹೋದಳು. ನಾನು ಅವಳನ್ನು ಕೂರಿಸಿ, ಕುಂಟುತ್ತ ಹೋಗಿ, ನಾನೇ ಹಾಲಿಟ್ಟೆ.